ಅಕ್ಕನ ದೋಣಿಯ ಬಿರಟೆ

ಜುಲೈ 14, ಭಾನುವಾರ

ಪಾರ್ಶ್ವವಾಯು ಹೊಡೆದು ಬಿದ್ದಿದ್ದ ಅಕ್ಕನನ್ನು ಆಸ್ಪತ್ರೆಯಿಂದ ದೆಹಲಿಯ ದ್ವಾರಕಾದ ಅವಳ ಮನೆಗೆ ಕರೆತಂದೆ. ಬಲಗೈ ತನ್ನದಲ್ಲವೆಂಬಂತೆ ಜೋತುಬಿದ್ದಿದೆ. ಬಲಗಾಲನ್ನು ಎಳೆದುಕೊಂಡು ನಾಲ್ಕು ಹೆಜ್ಜೆ ಹಾಕುತ್ತಾಳೆ. ಮಾತು ಹೋಗಿದೆ. ನಾವು ಹೇಳುವುದೆಲ್ಲ ಅವಳಿಗೆ ತಿಳಿಯುತ್ತದಂತೆ, ಅವಳ ಮಾತು ಮಾತ್ರ ಹೊರಗೆ ಬರುವುದಿಲ್ಲವಂತೆ. ಎಷ್ಟು ದಿನಕ್ಕೆ ಸರಿಹೋಗುತ್ತದೆ ಎಂದು ಕೇಳಿದರೆ ಡಾಕ್ಟರು ಹಾಗೆಲ್ಲ ಹೇಳಲಾಗದು ಎಂದರು. ಅಷ್ಟೂ ಹೇಳಲಾಗದಿದ್ದರೆ ಇವರು ಇಷ್ಟು ವರ್ಷ ಓದಿದ್ದು ಯಾಕೆ.

ರತ್ನಾ ಮೇಡಂ ಎಂದರೆ ಶಾಲೆಯಲ್ಲಿ ಮಕ್ಕಳು ನಡುಗುತ್ತಿದ್ದರು. ಪಿ.ಟಿ. ಟೀಚರು, ಎನ್‌ಸಿಸಿ ನೌಕಾದಳದ ಹೊಣೆ ಬೇರೆ. ಮೈದಾನದ ಈ ತುದಿಯಿಂದ ಕೂಗಿದರೆ ಆ ತುದಿಗೆ ಕೇಳುವ ಗಂಟಲು. ಮದುವೆಯಾಗಲಿಲ್ಲ. ಅಣ್ಣ ಚಳ್ಳಕೆರೆಯಲ್ಲಿ. ಹಾಗಾಗಿ ಓಡಿ ಬರಬೇಕಾದವನು ನಾನು, ಮಾನೇಸರಿನಿಂದ. ಅಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದೇನೆ. ಇನ್ನು ಇಲ್ಲಿಂದಲೇ ಓಡಾಡಬೇಕು. ಹಗಲು ನೋಡಿಕೊಳ್ಳಲು ಬಿಮ್ಲಾ ಎಂಬ ಹೆಂಗಸನ್ನು ಗೊತ್ತುಮಾಡಿದೆ.

ಅನ್ನ ಕಲಸಿ ತಿನ್ನಿಸಲು ಹೋದೆ. ಎಡಗೈಯಿಂದ ಚಮಚ ಕಿತ್ತುಕೊಂಡಳು. ಅರ್ಧ ಮೈಮೇಲೆ ಚೆಲ್ಲಿತು. ಒರೆಸಲು ಹೋದರೆ ಅದಕ್ಕೂ ಬಿಡಲಿಲ್ಲ.

ಈ ಮನೆಯಲ್ಲಿ ಕನ್ನಡದವರು ಇಬ್ಬರೇ. ಅದರಲ್ಲಿ ಒಬ್ಬಳಿಗೆ ಮಾತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜುಲೈ 17, ಬುಧವಾರ

ಮಾತು ಕಲಿಸುವ ಗರಿಮಾ ಎಂಬಾಕೆ ಬಂದರು. ಚಿತ್ರಗಳ ಚೀಟಿ ಹಿಡಿದು ಹಿಂದಿಯಲ್ಲಿ ಕೇಳಿದರು, ಇದೇನು ಮೇಡಂ? ಚಹಾ ಕಪ್ಪಿನ ಚಿತ್ರ. ಅಕ್ಕ ಬಹಳ ಹೊತ್ತು ಒದ್ದಾಡಿದಳು. ಕಪ್ಪು ಎನ್ನು ಅಕ್ಕ, ಕಪ್ಪು, ಎಂದು ನಾನೂ ಹೇಳಿಕೊಟ್ಟೆ. ಕೊನೆಗೆ ಹೇಳಿದಳು:

"ಬಿರಟೆ."

ಹೂವಿನ ಚಿತ್ರಕ್ಕೂ ಬಿರಟೆ. ಹಸುವಿಗೂ ಬಿರಟೆ. ಹಾಗೆಂದರೇನು ಎಂದು ಗರಿಮಾ ನನ್ನನ್ನು ಕೇಳಿದರು. ಬಾಟಲಿಯ ಬಾಯಿಗೆ ಒತ್ತುತ್ತಾರಲ್ಲ, ಅದು ಎಂದೆ. ಹರಳೆಣ್ಣೆಯ ಸೀಸೆಗೆ ಅವ್ವ ಹಾಕುತ್ತಿದ್ದ ಬಿರಟೆ ನೆನಪಾಯಿತು. ಆ ಮಾತು ಕೇಳಿಯೇ ಎಷ್ಟು ಕಾಲವಾಗಿತ್ತು.

ಕೆಲವರಿಗೆ ಯಾವುದೋ ಒಂದು ಪದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಅರ್ಥ ಹುಡುಕುತ್ತಾ ಕೂರಬೇಡಿ ಎಂದರು ಗರಿಮಾ. ಮೂವತ್ತು ವರ್ಷ ದೆಹಲಿಯಲ್ಲಿ ಆಡಿದ ಹಿಂದಿಯಲ್ಲಿ ಒಂದು ಅಕ್ಷರವೂ ಉಳಿದಿಲ್ಲ. ಉಳಿದದ್ದು ಬಿರಟೆ.

ಜುಲೈ 20, ಶನಿವಾರ

ಬೆಳಗಿನಿಂದ ಅದೇ. ಬಿರಟೆ, ಬಿರಟೆ. ಹೊರಗೆ ಮಳೆ ಜೋರಾದಷ್ಟೂ ಇವಳ ಕೂಗೂ ಜೋರು. ನೀರಿನ ಬಾಟಲಿ ತಂದೆ. ಫ್ಲಾಸ್ಕು ತಂದೆ. ಎಣ್ಣೆ ಸೀಸೆ, ಔಷಧದ ಸೀಸೆ, ಎಲ್ಲ ತಂದು ಮಂಚದ ಮೇಲೆ ಸಾಲಾಗಿ ಇಟ್ಟೆ. ಫ್ಲಾಸ್ಕನ್ನು ಎಡಗೈಯಿಂದ ನೂಕಿಬಿಟ್ಟಳು. ಒಳಗಿನ ಗಾಜು ಒಡೆಯಿತು. ನಾನೂ ಕೂಗಾಡಿದೆ. ಬಿಮ್ಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮಧ್ಯಾಹ್ನ ತಿಪ್ಪೇಸ್ವಾಮಿ ಅಣ್ಣನ ಫೋನು. ಸ್ವಲ್ಪ ಗಟ್ಟಿಯಾದ ಮೇಲೆ ಚಳ್ಳಕೆರೆಗೆ ಕಳಿಸಿಬಿಡು, ಇಲ್ಲಿ ಮನೆ ತುಂಬ ಜನ ಇದ್ದೇವೆ ಎಂದ. ಸರಿ ಎಂದೆ. ನನಗೂ ಅದೇ ಸರಿ ಎನ್ನಿಸಿತ್ತು. ಒಂದು ವಿಷಯ ತೀರ್ಮಾನವಾಯಿತು.

ಜುಲೈ 24, ಬುಧವಾರ

ಅಪಾರ್ಟ್‌ಮೆಂಟ್ ಸೊಸೈಟಿಯ ಕಾರ್ಯದರ್ಶಿ ಖುಲ್ಲರ್ ಲಿಫ್ಟಿನಲ್ಲಿ ಸಿಕ್ಕರು. ಅಕ್ಕನ ಆರೋಗ್ಯ ಕೇಳಿ, ಎರಡನೇ ಮಾತಿಗೇ ದೋಣಿಗೆ ಬಂದರು. ಜನರೇಟರ್ ಶೆಡ್ಡಿನ ಪಕ್ಕ ಬಿದ್ದಿರುವ ಆ ಹಳೆಯ ಫೈಬರ್ ದೋಣಿ ಅಕ್ಕನದು. ಶಾಲೆಯವರು ಎಸೆಯಲಿದ್ದದ್ದನ್ನು ಕೇಳಿ ತಂದಿದ್ದಳು. ನೀರೇ ಕಾಣದ ಊರಿನಲ್ಲಿ ಹುಟ್ಟಿದವಳು ವಿಶಾಖಪಟ್ಟಣದ ಎನ್‌ಸಿಸಿ ಶಿಬಿರದಲ್ಲಿ ಹುಟ್ಟುಹಾಕಲು ಕಲಿತು ಬಂದಳು. ಅಂದಿನಿಂದ ಈ ಹುಚ್ಚು. ಭಾನುವಾರ ಯಾರದಾದರೂ ಪಿಕಪ್ಪಿನಲ್ಲಿ ಹೇರಿಕೊಂಡು ಹರಿಯಾಣದ ಯಾವುದೋ ಕೆರೆಗೆ ಹೋಗುತ್ತಿದ್ದಳು. ನನ್ನನ್ನೂ ಕರೆದಿದ್ದಳು. ನಾನು ಹೋದವನಲ್ಲ.

"ಅಬ್ ತೋ ಮೇಡಂ ಚಲಾ ನಹೀಂ ಪಾಯೇಂಗಿ," ಎಂದರು ಖುಲ್ಲರ್. ಇನ್ನು ಮೇಡಂ ಕೈಯಲ್ಲಿ ಆಗದು, ಹೌದಲ್ಲವೇ. ಹೌದು, ತೆಗೆಸುತ್ತೇನೆ ಎಂದೆ.

ಜುಲೈ 31, ಬುಧವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಸೊಳ್ಳೆ ತಪಾಸಣೆಗೆ ಮುನ್ಸಿಪಾಲಿಟಿಯವರು ಬಂದಿದ್ದರು. ಖುಲ್ಲರ್ ನನ್ನನ್ನು ಕೆಳಗೆ ಕರೆಸಿದರು. ದೋಣಿಯಲ್ಲಿ ಮಳೆನೀರು, ಕಪ್ಪಗೆ, ಅರ್ಧದ ಮೇಲೆ. ತಪಾಸಣೆಯವನು ಬಿಳಿ ಸೌಟಿನಲ್ಲಿ ಮೊಗೆದು ತೋರಿಸಿದ. ಹುಳುಗಳು ಕುಣಿಯುತ್ತಿದ್ದವು. ಡೆಂಗಿಯ ಕಾಲ, ಮೇಲೆ ಕಾಯಿಲೆಯವರಿದ್ದಾರೆ ಅನ್ನುತ್ತೀರಿ ಎಂದು ಬೈದ. ನೀರು ಹೋಗಲು ದಾರಿಯೇ ಇಲ್ಲವೇ ಎಂದು ಹಿಂದಕ್ಕೆ ಹೋಗಿ ಬಗ್ಗಿ ನೋಡಿ, "ಯೇ ದೇಖೋ, ಡಾಟ್ ಲಗಾ ಹುವಾ ಹೈ," ಎಂದ.

ದೋಣಿಯ ಹಿಂಬದಿಯಲ್ಲಿ, ತಳಕ್ಕೆ ಸರಿಯಾಗಿ, ಒಂದು ತೂತು. ಅದಕ್ಕೆ ರಬ್ಬರಿನ ಬಿರಟೆ ಬಿಗಿದಿತ್ತು.

ನೆಲದ ಮೇಲಿದ್ದಾಗ ಅದನ್ನು ತೆಗೆದಿಡಬೇಕು, ಮಳೆನೀರು ಹರಿದುಹೋಗಲಿ ಎಂದು. ಇಷ್ಟು ನನಗೂ ತಿಳಿಯುತ್ತದೆ. ಮೇಡಂ ಬಿದ್ದ ಹಿಂದಿನ ಸಂಜೆ ಇಲ್ಲೇ ಕೂತು ಏನೋ ಬಿಗಿಯುತ್ತಿದ್ದರು, ಭಾನುವಾರ ನೀರಿಗೆ ಹೋಗುತ್ತೇನೆ ಎಂದಿದ್ದರು ಎಂದು ಕಾವಲಿನವನು ಹೇಳಿದ.

ಎಷ್ಟು ದಿನದಿಂದ ಹೇಳುತ್ತಿದ್ದಳು. ಮಳೆ ಬಂದಾಗಲೆಲ್ಲ ಕೂಗುತ್ತಿದ್ದಳು. ನಾನು ಫ್ಲಾಸ್ಕು ತಂದುಕೊಟ್ಟೆ.

ತಿರುಪು ಸಡಿಲಿಸಿ ಕಿತ್ತೆ. ನೀರು ಧೋ ಎಂದು ಬಂದು ಷೂ, ಪ್ಯಾಂಟು ಎಲ್ಲ ತೋಯಿತು. ಹಾಗೇ ಮೇಲೆ ಹೋಗಿ, "ಬಿರಟೆ ತೆಗೆದೆ ಅಕ್ಕ. ನೀರೆಲ್ಲ ಹೋಯ್ತು," ಎಂದೆ. ಅವಳು ನನ್ನ ಒದ್ದೆ ಪ್ಯಾಂಟು ನೋಡಿದಳು. ಮುಖ ನೋಡಿದಳು. ಆಮೇಲೆ ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು. ಆಸ್ಪತ್ರೆಯಿಂದ ಬಂದ ಮೇಲೆ ಹಗಲಲ್ಲಿ ಅವಳು ನಿದ್ದೆ ಮಾಡಿದ್ದು ಇದೇ ಮೊದಲು.

ಆಗಸ್ಟ್ 1, ಗುರುವಾರ

ಅಕ್ಕ ಇವತ್ತು ಏನೂ ಹೇಳಲಿಲ್ಲ.

ಆಗಸ್ಟ್ 5, ಸೋಮವಾರ

ಇವತ್ತೂ ಇಲ್ಲ. ಗರಿಮಾ ಚೀಟಿ ಹಿಡಿದರೆ ಕಿಟಕಿಯ ಕಡೆ ಮುಖ ತಿರುಗಿಸುತ್ತಾಳೆ. ಇರುವ ಒಂದು ಪದವನ್ನೂ ನಾನೇ ತೆಗೆದುಬಿಟ್ಟೆನೋ ಏನೋ. ನೀರು ಹೋಯ್ತು ಎಂದು ಹೇಳದೆ ಇದ್ದಿದ್ದರೆ ಇನ್ನೂ ಕೂಗುತ್ತಿದ್ದಳು, ಕೂಗಿಯಾದರೂ ಇರುತ್ತಿದ್ದಳು.

ಶಿಫ್ಟಿನಲ್ಲಿ ಮನಸ್ಸು ನಿಲ್ಲುವುದಿಲ್ಲ. ಲೈನು ನಿಧಾನವಾಯಿತು ಎಂದು ಒಬ್ಬನ ಮೇಲೆ ರೇಗಿದೆ. ತಪ್ಪು ಅವನದಲ್ಲ, ಯಂತ್ರದ್ದು.

ಆಗಸ್ಟ್ 11, ಭಾನುವಾರ

ಹಳೆ ಸಾಮಾನು ಕೊಳ್ಳುವ ಕಬಾಡಿಯವನನ್ನು ಕರೆಸಿದ್ದೆ. ಅಕ್ಕ ಹೇಗೂ ಊರಿಗೆ ಹೋಗುವವಳು, ದೋಣಿ ಇಟ್ಟುಕೊಂಡು ಮಾಡುವುದೇನು. ಅವನು ಟೆಂಪೋ ತಂದು ಹಗ್ಗ ಬಿಗಿಯುತ್ತಿದ್ದ. ಲಿಫ್ಟಿನ ಬಾಗಿಲು ತೆರೆಯಿತು. ನೈಟಿಯ ಮೇಲೆ ದುಪಟ್ಟಾ ಹೊದ್ದು, ವಾಕರನ್ನು ಎಡಗೈಯಲ್ಲೇ ಒತ್ತಿ ಒತ್ತಿ, ಅಕ್ಕ ಬಂದಳು. ಹಿಂದೆ ಬಿಮ್ಲಾ, ಮುಖ ಸಣ್ಣದು ಮಾಡಿಕೊಂಡು. ವಿಷಯ ಮುಟ್ಟಿಸಿದವಳು ಅವಳೇ ಇರಬೇಕು.

ಅಕ್ಕ ದೋಣಿಯ ಅಂಚಿನ ಮೇಲೆ ಕೂತುಬಿಟ್ಟಳು.

"ಏಳು ಅಕ್ಕ. ಊರಿಗೆ ಹೋದ ಮೇಲೆ ಇದು ಯಾರಿಗೆ ಬೇಕು? ಅಣ್ಣನ ಹತ್ರ ಎಲ್ಲ ಮಾತಾಡಿದೀನಿ."

ಅವಳ ತುಟಿ ಅಲುಗಿತು. ಕತ್ತಿನ ನರ ಉಬ್ಬಿತು. "ಕೇ... ಕೇಳ್... ಕೇಳ್ಲಿಲ್ಲ."

ಬೀದಿಯ ಗದ್ದಲದಲ್ಲಿ ಕೇಳಿಸಲಿಲ್ಲವೇನೋ ಎಂದುಕೊಂಡು ಅದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಅವಳು ತಲೆಯಾಡಿಸಿದಳು. ಎಡಗೈ ಬೆರಳನ್ನು ನನ್ನ ಎದೆಗೆ ಒತ್ತಿದಳು.

"ನೀ. ಕೇಳ್ಲಿಲ್ಲ."

ಕಬಾಡಿಯವನು ನನ್ನ ಮುಖ, ಅವಳ ಮುಖ ನೋಡುತ್ತಾ ನಿಂತಿದ್ದ. ಕೊನೆಗೆ ತಾನೇ ಹಗ್ಗ ಬಿಚ್ಚತೊಡಗಿದ. ನಾನು ತಡೆಯಲಿಲ್ಲ.

ಹೊಸ ಪದ ಬಂತು ಎಂದು ಗರಿಮಾಗೆ ಸಂದೇಶ ಕಳಿಸಿದೆ. ಅವರು ಕೈಮುಗಿದ ಚಿತ್ರ ಕಳಿಸಿದರು. ಪದದ ಅರ್ಥ ಅವರಿಗೆ ಹೇಳಲಿಲ್ಲ.

ಆಗಸ್ಟ್ 15, ಗುರುವಾರ

ರಜೆ. ಆಕಾಶದ ತುಂಬ ಗಾಳಿಪಟ. ಅಕ್ಕನನ್ನು ಕೆಳಗೆ ಕರೆದುಕೊಂಡು ಹೋಗಿ ದೋಣಿಯ ಪಕ್ಕ ಕುರ್ಚಿ ಹಾಕಿದೆ. ಬಿರಟೆ ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, ರಬ್ಬರಿನಲ್ಲಿದ್ದ ಬಿರುಕನ್ನು ಉಗುರಿನಿಂದ ಅಗಲಿಸಿ ತೋರಿಸಿದಳು. ಇದರ ಹಿಡಿ ತಿರುಗಿಸಿದರೆ ರಬ್ಬರು ಉಬ್ಬಿ ತೂತನ್ನು ಕಚ್ಚಿಕೊಳ್ಳಬೇಕು. ಇದು ಕಲ್ಲಾಗುತ್ತಿದೆ, ಇನ್ನು ಸರಿಯಾಗಿ ಉಬ್ಬುವುದಿಲ್ಲ. ಅವಳ ಡಬ್ಬಿಯಲ್ಲಿ ಹೊಸ ಬಿರಟೆ ಇತ್ತು. ಹಾಗಾದರೆ ಮುಗಿಯಿತಲ್ಲ ಎಂದೆ. ಅವಳು ತೂತಿನ ಸುತ್ತಲಿನ ಹಿತ್ತಾಳೆ ಬಳೆ ತೋರಿಸಿ, ಬೆರಳಿನಿಂದ ತಟ್ಟಿದಳು. ಅದರ ಹಿಂದೆ ತುಂಬಿದ್ದ ಹಳೆಯ ಅಂಟು ಪುಡಿಪುಡಿಯಾಗಿ ಉದುರಿತು.

ಖುಲ್ಲರ್ ಬಂದು ನಿಂತರು. ರಾಮಲೀಲಾ ವೇದಿಕೆ ಇಲ್ಲೇ ಕಟ್ಟಬೇಕು, ತಿಂಗಳಾಂತ್ಯಕ್ಕೆ ಜಾಗ ಬೇಕು ಎಂದರು. ಮುಂದಿನ ತಿಂಗಳಾಂತ್ಯ ತಾನೇ ಎಂದೆ. ಅವರು ಅಕ್ಕನಿಗೆ ನಮಸ್ಕಾರ ಹೇಳಿ ಹೋದರು.

ಯಾಕೆ ಈ ಕೆಲಸ ಮಾಡುತ್ತಿದ್ದೇನೆ ಗೊತ್ತಿಲ್ಲ. ಅಕ್ಟೋಬರಿನಲ್ಲಿ ಕರೆಸಿಕೊಳ್ಳುತ್ತೇನೆ ಎಂದಿದ್ದಾನೆ ಅಣ್ಣ, ಆಮೇಲೆ ಅವಳು ಇಲ್ಲಿ ಇರುವುದೇ ಇಲ್ಲ.

ಆಗಸ್ಟ್ 18, ಭಾನುವಾರ

ಬಳೆಯ ತಿರುಪು ಬಿಚ್ಚಿ, ಹಳೆಯದನ್ನು ಕೆರೆದು, ಹೊಸ ಸೀಲಂಟು ಹಚ್ಚಿ ಒಂದೇ ಬೆಳಿಗ್ಗೆಯಲ್ಲಿ ಮುಗಿಸಿದೆ. ಕೆರೆಯುವಾಗಲೇ ಅಕ್ಕ ಎಡಗೈ ಅಂಗೈ ಎತ್ತಿ "ತಡಿ" ಎಂದಳು. ಮೋಡ ಕವಿಯುತ್ತಿತ್ತು, ತಡೆಯುವ ಹೊತ್ತೇ ಅದು? ಕೆಲಸ ಚೊಕ್ಕವಾಗಿ ಬಂದಿದೆ.

ಆಗಸ್ಟ್ 20, ಮಂಗಳವಾರ

ಕಾರ್ಖಾನೆಯಿಂದ ಬಂದವನೇ ಬಿರಟೆ ಬಿಗಿದು, ಹಿಂಬದಿಗೆ ಎರಡು ಬಕೆಟ್ಟು ನೀರು ಸುರಿದು ಹೊರಗಿನಿಂದ ನೋಡಿದೆ. ಮೊದಲು ಏನಿಲ್ಲ. ಆಮೇಲೆ ಬಳೆಯ ಕೆಳಗೆ ಒಂದು ಹನಿ ಮೂಡಿತು. ದಪ್ಪವಾಯಿತು. ಬಿತ್ತು. ಇನ್ನೊಂದು.

ಸೀಲಂಟಿನ ಅಂಚು ಹಿಡಿದು ಎಳೆದರೆ ಬಾಳೆಹಣ್ಣಿನ ಸಿಪ್ಪೆಯಂತೆ ಇಡಿಯಾಗಿ ಬಂತು. ಒಳಗೆ ಫೈಬರು ಒದ್ದೆ. ಒದ್ದೆಯ ಮೇಲೆ ಹಚ್ಚಿದ್ದೆ. ಅಕ್ಕ ಏನಾದರೂ ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 25, ಭಾನುವಾರ

ಅಣ್ಣ ಅಕ್ಟೋಬರ್ ಎರಡಕ್ಕೆ ನಿಜಾಮುದ್ದೀನಿನಿಂದ ರೈಲು ಟಿಕೆಟ್ ಮಾಡಿಸಿದ್ದಾನೆ. ಅಕ್ಕನಿಗೆ ಇನ್ನೂ ತಿಳಿಸಿಲ್ಲ.

ಹರಿಣಿ ಫೋನ್ ಮಾಡಿದ್ದಳು. ನಾವು ಗಂಡ-ಹೆಂಡತಿ ಬೇರೆಯಾದ ಮೇಲೂ ಅಕ್ಕನ ಮೇಲಿನ ಅವಳ ಪ್ರೀತಿ ಹೋಗಿಲ್ಲ. ಊರಿಗೆ ಕಳಿಸುವ ವಿಷಯ ಹೇಳಿದೆ. ಅಕ್ಕ ಏನಂತಾರೆ ಎಂದು ಕೇಳಿದಳು. ಇಲ್ಲಿ ಒಬ್ಬಳೇ ಇರಲಾಗದು, ಅಲ್ಲಾದರೆ ಅತ್ತಿಗೆ ಇದ್ದಾರೆ ಎಂದೆ.

"ಅದು ನೀವು ಅನ್ನೋದು. ಅಕ್ಕ ಏನಂತಾರೆ ಅಂತ ಕೇಳಿದೆ."

ಅವಳ ಈ ಮೊನಚು ನನಗೆ ಮೊದಲಿನಿಂದಲೂ ಆಗದು. ಮಾತು ಮುಗಿಸಲು ಬಿಡುವುದಿಲ್ಲ ಎಂದು ನನ್ನ ಮೇಲೆ ದೂರು ಬೇರೆ.

ಸೆಪ್ಟೆಂಬರ್ 1, ಭಾನುವಾರ

ವಾರವಿಡೀ ದೋಣಿಗೆ ಫ್ಯಾನು ಹಾಕಿದ್ದೇವೆ. ಶೆಡ್ಡಿನಿಂದ ವೈರು ಎಳೆದು, ಮೇಲೆ ತಾಡಪಾಲು ಕಟ್ಟಿ, ಮೂತಿಯ ಕಡೆ ಇಟ್ಟಿಗೆ ಕೊಟ್ಟು ಎತ್ತರಿಸಿ, ತೂತಿನ ಕಡೆ ಟೇಬಲ್ ಫ್ಯಾನು ತಿರುಗಿಸಿಟ್ಟೆ. ಹೋಗಿ ಬರುವವರು ನಗುತ್ತಾರೆ. ಮೇಡಂ ಕೀ ನಾವ್ ಕೋ ಗರ್ಮೀ ಲಗ್ ರಹೀ ಹೈ, ದೋಣಿಗೆ ಸೆಕೆಯಂತೆ. ನಗಲಿ.

ಕೆಲಸದಿಂದ ಬಂದ ಮೇಲೆ ಅಕ್ಕನೂ ನಾನೂ ಅಲ್ಲೇ ಕೂರುತ್ತೇವೆ. ಅವಳು ತೂತಿನೊಳಗೆ ಕಿರುಬೆರಳು ಹಾಕಿ ಸುತ್ತ ಸವರುತ್ತಾಳೆ. "ಇನ್ನೂ," ಎನ್ನುತ್ತಾಳೆ. ನಾನು ಸವರಿದರೆ ಒಣಗಿದಂತೆಯೇ ಇರುತ್ತದೆ. ಟಿಶ್ಯೂ ಕಾಗದ ತುರುಕಿ ತೆಗೆದು ತೋರಿಸುತ್ತಾಳೆ, ಅಂಚಿನಲ್ಲಿ ತೇವದ ಗುರುತು. ಸರಿ, ಇನ್ನೂ.

ಕೆಲವು ಪದ ಬಂದಿವೆ. ಇನ್ನೂ, ತಡಿ, ಕೆಳಗೆ, ಬ್ಯಾಡ. "ಬ್ಯಾಡ" ಬಹಳ ಸ್ಪಷ್ಟ. ನಿನ್ನೆ "ಏಕು" ಎಂದಳು. ಏಕನಾಥ ಎಂಬ ನನ್ನ ಹೆಸರನ್ನು ಅವ್ವ ಹೋದ ಮೇಲೆ ಹಾಗೆ ಮೊಟಕು ಮಾಡಿ ಕರೆಯುವವಳು ಅವಳೊಬ್ಬಳೇ. ಏನು ಎಂದೆ. ಏನೂ ಇರಲಿಲ್ಲ, ಸುಮ್ಮನೆ ಕರೆದದ್ದು. ಫ್ಯಾನು ತಿರುಗುವುದನ್ನು ನೋಡುತ್ತಾ ಕತ್ತಲಾಗುವವರೆಗೂ ಕೂತಿದ್ದೆವು.

ಈ ಗರಿಮಾ ಒಳ್ಳೆಯವರೇ, ಆದರೆ ಬಲು ಆತುರ. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಚೀಟಿ ಎತ್ತುತ್ತಾರೆ. ಸ್ವಲ್ಪ ತಡೆಯಿರಿ, ಬರುತ್ತದೆ ಎಂದೆ. ನನ್ನನ್ನು ನೋಡಿ ನಕ್ಕರು. ನಗುವಂಥದ್ದು ನಾನೇನೂ ಹೇಳಿರಲಿಲ್ಲ.

ಸೆಪ್ಟೆಂಬರ್ 7, ಶನಿವಾರ. ಚೌತಿ

ಕಾರ್ಖಾನೆಯ ಸ್ಟೋರಿನಲ್ಲಿರುವ ಮಹಂತೇಶ ಕಡುಬು ತಂದಿದ್ದ. ಕಲಬುರಗಿಯವನು, ಅವನ ಹೆಂಡತಿ ಮಾಡಿದ್ದು. ಅಕ್ಕ ಎಡಗೈಯಲ್ಲಿ ಒಂದು ಚೂರೂ ಚೆಲ್ಲದೆ ತಿಂದಳು.

ಬೆಳಿಗ್ಗೆ ಕಿರುಬೆರಳು ಹಾಕಿ ನೋಡಿ "ಹೂಂ" ಎಂದಿದ್ದಳು. ಬಳೆಯ ಹಿಂದೆ ಸೀಲಂಟು, ತಿರುಪಿನ ತೂತುಗಳ ಒಳಗೂ ಸೀಲಂಟು. ತಿರುಪು ಬಿಗಿಯುವಾಗ ಸುತ್ತಲೂ ಅದು ಒಂದೇ ಸಮ ಉಕ್ಕಿ ಬಂತು. ಆ ಉಕ್ಕಿದ್ದನ್ನು ಒರೆಸಿದವಳು ಅವಳು, ಬೆರಳು ಎಳೆದ ಗೆರೆ ನೇರವಾಗಿದೆ. ನನ್ನದು ಅಷ್ಟು ನೇರ ಬರುವುದಿಲ್ಲ. ಇನ್ನು ವಾರವಿಡೀ ಮುಟ್ಟುವಂತಿಲ್ಲ.

ದೋಣಿ ಇಡಲು ಜಾಗ ಬೇಕೆಂದು ಮಹಂತೇಶನಿಗೆ ಹೇಳಿದೆ. ಸೋಹ್ನಾದ ಆಚೆ ಅವನ ಮನೆಮಾಲೀಕರ ತೋಟವಿದೆಯಂತೆ, ಅಲ್ಲೊಂದು ದೊಡ್ಡ ಕೆರೆ. ಜೋಹಡ್ ಎನ್ನುತ್ತಾರೆ ಅಲ್ಲಿಯವರು. ಕೇಳಿ ನೋಡುತ್ತೇನೆ ಎಂದ.

ಸೆಪ್ಟೆಂಬರ್ 14, ಶನಿವಾರ

ಮತ್ತೆ ನೀರು ಸುರಿದೆವು. ನಾನು ಹೊರಗೆ ನೆಲದ ಮೇಲೆ ಮಲಗಿ ಟಾರ್ಚು ಹಿಡಿದು ನೋಡುತ್ತಿದ್ದೆ. ಬಳೆಯ ಕೆಳಗೆ ಟಿಶ್ಯೂ ಅಂಟಿಸಿದ್ದೆವು. ಬಿಮ್ಲಾ ಎರಡು ಸಲ ಚಹಾ ತಂದುಕೊಟ್ಟಳು. ಮೂರನೆಯ ಸಲ ಬಂದಾಗಲೂ ಕಾಗದ ಒಣಗೇ ಇತ್ತು.

ಸಂತೋಷ ಆಗಬೇಕಿತ್ತು. ಮೇಲೆ ಬಂದು ಸ್ನಾನ ಮಾಡಿ ಕೂತೆ, ಆಗಲಿಲ್ಲ. ಇದು ಮುಗಿಯಿತು. ಇನ್ನು ಟಿಕೆಟ್ಟಿನ ವಿಷಯ ಹೇಳಬೇಕು.

ಸೆಪ್ಟೆಂಬರ್ 20, ಶುಕ್ರವಾರ

ಹೇಳಿದೆ. ಅಕ್ಕ, ಎರಡನೇ ತಾರೀಖಿಗೆ ಟಿಕೆಟ್ ಆಗಿದೆ, ಚಳ್ಳಕೆರೆಗೆ. ಆಗಸ್ಟಿನಲ್ಲೇ ಆಗಿದೆ, ನಿನಗೆ ಹೇಳಿರಲಿಲ್ಲ. ಅವಳು ಗೋಡೆ ನೋಡುತ್ತಾ ಕೂತಳು. ನಿನಗೆ ಹೇಗನ್ನಿಸುತ್ತೆ ಎಂದು ಕೇಳಿದೆ. ಉತ್ತರ ಬರುವಷ್ಟರಲ್ಲಿ ಅಣ್ಣನದೇ ಫೋನು ಬಂತು, ಸಾಮಾನು ಕಟ್ಟುವುದು ಶುರುವಾಯಿತೇ ಎಂದು. ನಾನು ಸ್ಪೀಕರ್ ಹಾಕಿ ಫೋನನ್ನು ಅವಳ ಮುಂದೆ ಇಟ್ಟೆ.

ಅಣ್ಣ ಹಲೋ ಎಂದ. ಅಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ. ಹಲೋ, ಏಕನಾಥ, ಲೈನು ಕಟ್ಟಾಯ್ತೇನೋ ಎಂದ. ಅಕ್ಕನ ಹಣೆಯ ಮೇಲೆ ಬೆವರು. ಎಡಗೈ ಮೇಜಿನ ಅಂಚು ಹಿಡಿದಿತ್ತು. ಹಲೋ, ಹಲೋ. ಬಿಮ್ಲಾ ನನ್ನ ಕಡೆ ನೋಡಿದಳು, ನೀವಾದರೂ ಹೇಳಿ ಎಂಬಂತೆ. ನಾನು ಕೈಸನ್ನೆ ಮಾಡಿ ಅವಳನ್ನು ಸುಮ್ಮನಿರಿಸಿದೆ.

"ನಾ," ಎಂದಳು ಅಕ್ಕ. "ನಾ ಬರಲ್ಲ. ತಿಪ್ಪ... ತಿಪ್ಪಣ್ಣ. ಇಲ್ಲೇ."

ಆ ಕಡೆ ಅಣ್ಣ ಅತ್ತ. ಎರಡು ತಿಂಗಳ ಮೇಲೆ ಅವಳ ದನಿ ಕೇಳಿದ್ದು ಅವನು. ಅತ್ತು, ಬಯ್ದು, ಅಲ್ಲಿ ಯಾರು ನೋಡ್ಕೋತಾರೆ ನಿನ್ನ ಎಂದ. ಅವಳು ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಕೊನೆಗೆ ನಾನು ಫೋನು ತೆಗೆದುಕೊಂಡು, ನಾನಿರ್ತೀನಿ ಅಣ್ಣ ಎಂದೆ.

ಕಷ್ಟವಾಗುತ್ತದೆ. ಮಾನೇಸರಿನ ಕೋಣೆ ಬಿಡಬೇಕು, ಬಿಮ್ಲಾ ಬರದ ದಿನ ಏನು ಮಾಡುವುದೋ ತಿಳಿಯದು. ಮತ್ತೊಮ್ಮೆ ಪಾರ್ಶ್ವವಾಯು ಬಂದರೆ ಎಂಬ ಹೆದರಿಕೆ ಇದ್ದೇ ಇದೆ. ಟಿಕೆಟ್ ರದ್ದು ಮಾಡಿಸಿದೆ.

ಸೆಪ್ಟೆಂಬರ್ 29, ಭಾನುವಾರ

ಮಹಂತೇಶ ಪಿಕಪ್ಪು ತಂದ. ಖುಲ್ಲರ್ ತಾವೇ ನಾಲ್ಕು ಜನರನ್ನು ಕರೆಸಿ ದೋಣಿ ಎತ್ತಿಸಿದರು. ಜಾಗ ಖಾಲಿಯಾದ ಖುಷಿಯೋ ಏನೋ, ಅಕ್ಕನಿಗೆ ಟಾಟಾ ಮಾಡಿದರು.

ಕೆರೆಯ ದಡದಲ್ಲಿ ಅಕ್ಕ ಮೊದಲು ಮಾಡಿದ ಕೆಲಸ, ಬಿರಟೆ ಹಾಕಿದ್ದೇನೆಯೇ ಎಂದು ಬಗ್ಗಿ ನೋಡಿದ್ದು. ಹಿಡಿಯನ್ನು ಮತ್ತೆ ಕಾಲು ಸುತ್ತು ಬಿಗಿದಳು. ಎರಡನೆಯದು, ನನಗೆ ಲೈಫ್ ಜಾಕೆಟ್ ತೊಡಿಸಲು ಮಹಂತೇಶನಿಗೆ ಬೆರಳು ತೋರಿಸಿದ್ದು. ನಾನು ದಡದಿಂದ ಹಗ್ಗ ಹಿಡಿದು ನಿಂತಿರುತ್ತೇನೆ ಎಂದು ಹೊರಟಿದ್ದೆ. ನನಗೆ ಈಜು ಬಾರದು. "ಹತ್ತು," ಎಂದಳು.

ಹುಟ್ಟುಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕೆಂದು ಇವತ್ತೇ ತಿಳಿದದ್ದು. ಒಂದೇ ಹಲಗೆಯ ಮೇಲೆ ಅವಳು ಎಡಕ್ಕೆ, ನಾನು ಬಲಕ್ಕೆ, ಒಬ್ಬೊಬ್ಬರಿಗೆ ಒಂದೊಂದು ಹುಟ್ಟು. ಮಹಂತೇಶ ನೂಕಿದ. ನಾನು ಮೈಯೆಲ್ಲ ಬಲ ಹಾಕಿ ಎಳೆದೆ. ದೋಣಿ ಗರಗರ ತಿರುಗಿ ದಡಕ್ಕೇ ಮುಖ ಮಾಡಿತು. ಮತ್ತೆ ಎಳೆದೆ, ಮತ್ತೆ ತಿರುಗಿತು. ಅಕ್ಕ ನನ್ನ ಕೈ ನೋಡಿ "ಮೆಲ್ಲಗೆ" ಎಂದಳು. ಅವಳ ಹುಟ್ಟು ನೀರಿಗೆ ಬೀಳುವುದನ್ನು ನೋಡಿ ನನ್ನದನ್ನೂ ಇಳಿಸಿದೆ. ಅವಳು ಎಳೆದಷ್ಟೇ ಎಳೆದೆ. ಅವಳು ದಣಿದು ನಿಲ್ಲಿಸಿದಾಗ ನಿಲ್ಲಿಸಿದೆ. ಅಷ್ಟು ಮಾಡಿದರೆ ಸಾಕು, ದೋಣಿ ನೇರ ಹೋಗುತ್ತದೆ. ತಂತ್ರ ಇಷ್ಟೇ.

ನಡುವೆ ಕಾಲ ಬುಡ ನೋಡಿದೆ. ಒಣಗಿತ್ತು. ಅವಳು ನೋಡಲಿಲ್ಲ. ಅವಳು ಬೇರೆ ಎಲ್ಲೋ ನೋಡುತ್ತಿದ್ದಳು. ದಡದಲ್ಲಿ ಮಹಂತೇಶ ಚಿಕ್ಕದಾಗಿ ಕಾಣುತ್ತಿದ್ದ. ಅವಳ ಕೆನ್ನೆ ಒದ್ದೆಯಾಗಿತ್ತು, ಹುಟ್ಟಿನ ನೀರು ಸಿಡಿದದ್ದಿರಬೇಕು.

ಕೆರೆಯ ಮಧ್ಯಕ್ಕೆ ಬಂದಾಗ ಅವಳು ಹುಟ್ಟನ್ನು ನೀರಿನಿಂದ ಎತ್ತಿದಳು. ನಾನೂ ಎತ್ತಿದೆ. ಒಂದು ಕಡೆ ಜೊಂಡು, ಬಿಳಿ ಕೊಕ್ಕರೆಗಳು. ಇನ್ನೊಂದು ಕಡೆ ತೆರೆದ ನೀರು, ಅದರಾಚೆ ಅರಾವಳಿಯ ಬೋಳು ಗುಡ್ಡ. ಬಿಸಿಲು ಏರುತ್ತಿತ್ತು, ವಾಪಸು ಹೋಗುವುದು ಒಳ್ಳೆಯದಿತ್ತು.

"ಯಾವ ಕಡೆ ಅಕ್ಕ?" ಎಂದು ಕೇಳಿದೆ.

ಅವಳು ಯೋಚಿಸಿದಳು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ದೋಣಿ ತನ್ನಷ್ಟಕ್ಕೆ ನಿಧಾನವಾಗಿ ತೇಲುತ್ತಿತ್ತು. ಕೊಕ್ಕರೆಗಳನ್ನು ನೋಡುತ್ತಾ ಕೂತಿದ್ದೆ.